ಏಳು ವರ್ಷದಿಂದ ಹಾರಿಸದ ರೈಫಲ್: ನವೀಕರಣಕ್ಕೆ ಏನು ಕಾರಣ ಬರೆಯಲಿ?

ಓದುಗರ ಪ್ರಶ್ನೆ:

ನನಗೆ 61 ವರ್ಷ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಆರು ಎಕರೆ ಅಡಿಕೆ ತೋಟ ಇದೆ. ಮೊದಲು ತೋಟದ ಮನೆಯಲ್ಲೇ ಇದ್ದೆವು. ಅಕ್ಕಪಕ್ಕದಲ್ಲಿ ಎರಡು ಸಲ ಕಳ್ಳತನ ಆದ ಮೇಲೆ 1998ರಲ್ಲಿ .315 ರೈಫಲ್‌ಗೆ ಲೈಸೆನ್ಸ್ ಮಾಡಿಸಿದೆ. ಮೊಮ್ಮಗನ ಶಾಲೆಗೆಂದು ಮೂರು ವರ್ಷದ ಹಿಂದೆ ದಾವಣಗೆರೆಗೆ ಬಂದು ಮಗನ ಜೊತೆ ಇದ್ದೇವೆ. ರೈಫಲ್ ಕೂಡ ತಂದೆ, ಈಗ ಬೀರುವಿನ ಮೇಲಿದೆ, ಲೈಸೆನ್ಸ್ ಪುಸ್ತಕದಲ್ಲಿ ಹಳೇ ವಿಳಾಸವೇ ಇದೆ. ತೋಟಕ್ಕೆ ವಾರಕ್ಕೆರಡು ಸಲ ಹೋಗುತ್ತೇನೆ, ಬೇಸಿಗೆಯಲ್ಲಿ ನೀರು ಬಿಡಲು ರಾತ್ರಿ ಅಲ್ಲೇ ಉಳಿಯುತ್ತೇನೆ. ಫಸಲು ಖೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದೇನೆ. ಕೊನೆಯದಾಗಿ ಹಾರಿಸಿದ್ದು ಏಳು ವರ್ಷದ ಹಿಂದೆ, ಆಯುಧ ಪೂಜೆ ದಿನ, ಆಕಾಶಕ್ಕೆ ಒಂದೇ ಒಂದು. ಇನ್ನು ನಾಲ್ಕು ತಿಂಗಳಿಗೆ ಲೈಸೆನ್ಸ್ ಮುಗಿಯುತ್ತದೆ. "ಬಳಸದೇ ಇರೋದನ್ನ ಯಾಕೆ ಇಟ್ಕೊಂಡಿದೀರಿ ಅಂತ ಈ ಸಲ ಕೇಳ್ತಾರೆ" ಎಂದು ಪರಿಚಯದ ಪೊಲೀಸರೊಬ್ಬರು ಹೇಳಿದರು. ನಾಲ್ಕು ಗುಂಡು ಹಾರಿಸಿ, ಹೊಸ ಗುಂಡು ಕೊಂಡು, ಪುಸ್ತಕದಲ್ಲಿ ಎಂಟ್ರಿ ಮಾಡಿಸಿ ಅಂತ ಒಬ್ಬರು. ಹಂದಿ ಕಾಟ ಅಂತ ಬರೆಯಿರಿ ಅಂತ ಇನ್ನೊಬ್ಬರು. ಮಗ ಸರೆಂಡರ್ ಮಾಡಿ ಅಂತಾನೆ. ನನ್ನ ಸ್ವಂತ ದುಡಿಮೆಯಲ್ಲಿ ತಗೊಂಡಿದ್ದು, ಬಿಡೋಕೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ:

ಯಜಮಾನರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೆದರಿರುವುದು ಒಂದಕ್ಕೆ, ನಿಮಗೆ ತೊಂದರೆ ಕೊಡುವುದು ಇನ್ನೊಂದು. ಏಳು ವರ್ಷದಿಂದ ಹಾರಿಸಿಲ್ಲ ಎಂಬುದು ನಿಮ್ಮ ತಲೆ ತಿನ್ನುತ್ತಿದೆ, ಅದು ಅಷ್ಟು ದೊಡ್ಡ ವಿಷಯವೇ ಅಲ್ಲ. ಆದರೆ ಊರು ಬಿಟ್ಟು ದಾವಣಗೆರೆಗೆ ಬಂದಿದ್ದು, ರೈಫಲ್ ಜೊತೆಗೆ ತಂದಿದ್ದು, ಪುಸ್ತಕದಲ್ಲಿ ಹಳೇ ವಿಳಾಸ ಹಾಗೇ ಬಿಟ್ಟಿದ್ದು, ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ನಿಂತಿದ್ದು ಅಲ್ಲೇ.

ಮೊದಲು ನಿಮ್ಮ ಭಯದ ವಿಷಯ ಮುಗಿಸೋಣ. ನಾನು ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿ, ಅಂದರೆ ಆಯುಧಗಳನ್ನು ನೋಡಿಕೊಂಡು ರಿಪೇರಿ ಮಾಡುವವನಾಗಿ, ಕೆಲಸ ಮಾಡಿ ನಿವೃತ್ತಿ ಆದವನು. ಪ್ರತಿ ಚುನಾವಣೆಗೂ ಜನ ತಂದು ಠೇವಣಿ ಇಡುವ ಬಂದೂಕುಗಳನ್ನು ಬಿಚ್ಚಿ ನೋಡಿದ್ದೇನೆ. ನಮ್ಮ ಕಡೆಯ ಲೈಸೆನ್ಸ್ ಬಂದೂಕುಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ಒಂದು ಗುಂಡೂ ಹಾರಿಸಿದವಲ್ಲ. ಅದು ತಪ್ಪಲ್ಲ. ಆತ್ಮರಕ್ಷಣೆಗೆ ಎಂದು ತೆಗೆದುಕೊಂಡ ಆಯುಧವನ್ನು ಹಾರಿಸುವ ಸಂದರ್ಭ ಬರಲಿಲ್ಲ ಅಂದರೆ ಒಳ್ಳೆಯದೇ ಆಯ್ತು ಅಲ್ವಾ? 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವರ್ಷಕ್ಕೆ ಇಷ್ಟು ಗುಂಡು ಹಾರಿಸಲೇಬೇಕು ಎಂಬ ಮಾತು ಎಲ್ಲೂ ಇಲ್ಲ. ನಿಮ್ಮ ಪುಸ್ತಕದಲ್ಲಿ ಬರೆದಿರುವ ಗುಂಡಿನ ಲೆಕ್ಕ ಮೇಲಿನ ಮಿತಿ. ಇದಕ್ಕಿಂತ ಜಾಸ್ತಿ ಕೊಳ್ಳಬೇಡಿ, ಜಾಸ್ತಿ ಇಟ್ಟುಕೊಳ್ಳಬೇಡಿ ಅಂತ ಅದರ ಅರ್ಥ. ಕಡಿಮೆ ಆಯ್ತು ಅಂತ ಯಾರೂ ಕೇಳುವ ಹಾಗಿಲ್ಲ.

ಹಾಗಾಗಿ ಆ ನಾಲ್ಕು ಗುಂಡು ಹಾರಿಸುವ ಸಲಹೆ ಇದೆಯಲ್ಲ, ಅದನ್ನು ದಯವಿಟ್ಟು ಮರೆತುಬಿಡಿ. ಎಲ್ಲಿ ಹಾರಿಸುತ್ತೀರಿ? ತೋಟದಲ್ಲಾ? .315 ರೈಫಲ್ ಅಂದರೆ ಹನ್ನೆರಡು ಬೋರಿನ ಕೋವಿ ಅಲ್ಲ. ಕೋವಿಯ ಚರೆ ಸ್ವಲ್ಪ ದೂರಕ್ಕೆ ಬಲ ಕಳೆದುಕೊಂಡು ಉದುರುತ್ತದೆ. ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್ ಆಚೆಗೂ ಹೋಗುತ್ತದೆ. ನಿಮ್ಮ ತೋಟದ ಆಚೆ ಇನ್ನೊಬ್ಬರ ತೋಟ, ಅದರಾಚೆ ರಸ್ತೆ. ಆಯುಧ ಪೂಜೆ ದಿನ ಆಕಾಶಕ್ಕೆ ಹಾರಿಸಿದ್ದೂ ಅಷ್ಟೇ, ಮೇಲೆ ಹೋದದ್ದು ಎಲ್ಲೋ ಒಂದು ಕಡೆ ಬೀಳಲೇಬೇಕು. ಸಂಭ್ರಮಕ್ಕೆಂದು ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ನಿಮ್ಮ ಕೈಯಿಂದ ಯಾರಿಗೂ ಏನೂ ಆಗಲಿಲ್ಲ, ಅದು ಪುಣ್ಯ. ಇನ್ನು ಮೇಲೆ ಕುಂಕುಮ ಹಚ್ಚಿ ಕೈಮುಗಿದು ಸಾಕು ಮಾಡಿ. ಕುಂಕುಮವನ್ನೂ ಮರದ ಹಿಡಿಗೆ ಮಾತ್ರ ಹಚ್ಚಿ, ನೀರು ಕಲೆಸಿದ ಕುಂಕುಮ ಬೋಲ್ಟಿನ (ಗುಂಡನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ಸಂದಿಗೆ ಇಳಿದರೆ ಅಲ್ಲಿಂದಲೇ ತುಕ್ಕು ಶುರು.

ಹಾಗಾದರೆ "ಯಾಕೆ ಬೇಕು" ಎಂದು ಕೇಳುವುದೇ ತಪ್ಪಾ? ಅಲ್ಲ, ಕೇಳಬಹುದು. ಇಲ್ಲೇ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪಕ್ಕದ ಊರಿನವರ ಜೋಡು ನಳಿಗೆ ಬಂದೂಕು ಪ್ರಶ್ನೆ ಇಲ್ಲದೆ ನವೀಕರಣ ಆಯ್ತು, ನನ್ನ ರೈಫಲ್‌ಗೆ ಮಾತ್ರ ಯಾಕೆ ಇಷ್ಟೆಲ್ಲ ಅಂತ ನನ್ನ ಹತ್ತಿರ ಜಗಳವನ್ನೇ ಆಡಿದವರಿದ್ದಾರೆ. ಕಾಯ್ದೆಯೇ ಎರಡಕ್ಕೂ ಬೇರೆ ಬೇರೆ ದಾರಿ ಇಟ್ಟಿದೆ. 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ನುಣುಪಾದ ನಳಿಗೆಯ ಬಂದೂಕನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ಮೂತಿಯಿಂದ ಮದ್ದು ತುಂಬುವ ಕೋವಿಯನ್ನು ನಿಜವಾಗಿ ಬೆಳೆ ಕಾಯಲು ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದಲ್ಲಿ ಕೊಡಬೇಕು ಎನ್ನುತ್ತದೆ 13ನೇ ಸೆಕ್ಷನ್. ಇಂಥ ಕೆಲವನ್ನು ಬಿಟ್ಟು ಉಳಿದ ಆಯುಧಕ್ಕೆ, ಅಂದರೆ ನಿಮ್ಮ ರೈಫಲ್‌ಗೂ, "ಸರಿಯಾದ ಕಾರಣ ಇದೆ" ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ನವೀಕರಣದ ಹೊತ್ತಿಗೂ ಇದೇ ಅಳತೆ. ನಿಮ್ಮ ಪರವಾಗಿಯೂ ಒಂದು ಮಾತಿದೆ: 15ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ನವೀಕರಣ ಆಗುವುದೇ ವಾಡಿಕೆ, ಬೇಡ ಎನ್ನುವುದಾದರೆ ಅಧಿಕಾರಿ ಕಾರಣವನ್ನು ಬರೆದಿಡಬೇಕು. ಆ ಆದೇಶದ ಮೇಲೆ ನೀವು ಮೇಲ್ಮನವಿ ಹಾಕಬಹುದು.

ಅಂದರೆ ಅವರು ಕೇಳುವ ಪ್ರಶ್ನೆ "ಎಷ್ಟು ಸಲ ಹಾರಿಸಿದಿರಿ" ಅಂತ ಅಲ್ಲ. "1998ರಲ್ಲಿ ಹೇಳಿದ ಕಾರಣ ಇವತ್ತಿಗೂ ಇದೆಯಾ" ಅಂತ. ಇದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ, ಆದರೆ ಅದು ನಿಮಗೆ ಅನುಕೂಲವಾಗಿಲ್ಲ.

ನೋಡಿ. ಒಂಟಿ ತೋಟದ ಮನೆ, ರಾತ್ರಿ ಭಯ, ಆಗ ಅದು ನಿಜವಾದ ಕಾರಣ. ಈಗ ನೀವು ಮಲಗುವುದು ದಾವಣಗೆರೆಯಲ್ಲಿ. ಫಸಲು ಖೇಣಿಗೆ ಕೊಟ್ಟ ಮೇಲೆ ಕಾಯಿ ಕಾಯುವ ಚಿಂತೆ ಖೇಣಿದಾರರದ್ದು. ನೀರು ಬಿಡಲು ಹೋದ ರಾತ್ರಿಗಳಲ್ಲಿ ನೀವು ಒಬ್ಬರೇ ಇರುತ್ತೀರಿ, ಆಗ ಭಯ ನಿಜವೇ, ಒಪ್ಪುತ್ತೇನೆ. ಆದರೆ ಆ ರಾತ್ರಿ ರೈಫಲ್ ಎಲ್ಲಿರುತ್ತದೆ? ದಾವಣಗೆರೆಯ ಬೀರುವಿನ ಮೇಲೆ. ನೀವು ಒಂದು ಕಡೆ, ರಕ್ಷಣೆಗೆ ಇಟ್ಟ ಆಯುಧ ಇನ್ನೊಂದು ಕಡೆ. ವಿಚಾರಣೆಗೆ ಬರುವವರು ಇದನ್ನು ಕೇಳಿದರೆ ನೀವು ತಡವರಿಸುತ್ತೀರಿ. ಹಾಗಂತ ತೋಟದ ಮನೆಯಲ್ಲೇ ಬಿಟ್ಟು ಬರುತ್ತೇನೆ ಎನ್ನಬೇಡಿ, ಅದು ಇನ್ನೂ ಅಪಾಯ. ಯಾರೂ ಇಲ್ಲದ ಮನೆಯಿಂದ ರೈಫಲ್ ಕಳುವಾಗಿ, ಅದು ಎಲ್ಲೋ ಒಂದು ಕೃತ್ಯಕ್ಕೆ ಬಳಕೆಯಾದರೆ ಮೊದಲು ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಕಾವಲಿನ ಆಳಿನ ಕೈಗೆ ಕೊಟ್ಟು ಬಂದರೆ, ಲೈಸೆನ್ಸ್ ಇಲ್ಲದವನ ಕೈಗೆ ಆಯುಧ ಕೊಟ್ಟ ಕೇಸು ನಿಮ್ಮ ಮೇಲೆ, ಇಟ್ಟುಕೊಂಡ ಕೇಸು ಅವನ ಮೇಲೆ. ಪಾಪ, ಅವನಿಗೆ ಏನೂ ಗೊತ್ತಿರುವುದಿಲ್ಲ.

ಅಡಿಕೆ ಕಳ್ಳತನಕ್ಕೆ ರೈಫಲ್ ಎಷ್ಟು ಉಪಯೋಗ ಎಂಬುದನ್ನೂ ಯೋಚಿಸಿ. ಕಳ್ಳ ಚೀಲ ಹೊತ್ತು ಓಡುತ್ತಿದ್ದಾನೆ, ನೀವು ಹಿಂದಿನಿಂದ ಹೊಡೆದಿರಿ ಅಂದುಕೊಳ್ಳಿ. ಆರೋಪಿ ನೀವೇ ಆಗುತ್ತೀರಿ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಳೇ ಕಾನೂನಿನ ನಿಲುವೇ ಇದೆ. ದರೋಡೆ, ರಾತ್ರಿ ಮನೆ ಒಡೆದು ನುಗ್ಗುವುದು, ಮನೆಗೆ ಬೆಂಕಿ ಇಡುವುದು, ಅಥವಾ ಪ್ರಾಣಕ್ಕೆ ಕುತ್ತು ಎಂಬ ಭಯ ಹುಟ್ಟಿಸುವ ರೀತಿಯ ಕಳ್ಳತನ, ಇಂಥ ಕೆಲವು ಸಂದರ್ಭ ಬಿಟ್ಟರೆ ಆಸ್ತಿ ಉಳಿಸಿಕೊಳ್ಳಲು ಜೀವ ತೆಗೆಯುವ ಹಕ್ಕಿಲ್ಲ.

ಹಂದಿ ಕಾಟದ ವಿಷಯ. ಕಾಟ ಇಲ್ಲ ಅಂತ ನಾನು ಹೇಳುತ್ತಿಲ್ಲ, ಮೆಕ್ಕೆಜೋಳ, ಶೇಂಗಾ ಹಾಕಿದವರ ಹೊಲವನ್ನು ಒಂದೇ ರಾತ್ರಿಯಲ್ಲಿ ಹಂದಿಗಳು ಮಗುಚಿ ಹಾಕಿದ್ದನ್ನು ಜಗಳೂರು, ಚನ್ನಗಿರಿ ಎರಡೂ ಕಡೆ ಕಣ್ಣಾರೆ ನೋಡಿದ್ದೇನೆ. ಆದರೆ ಅರ್ಜಿಯಲ್ಲಿ ಬರೆಯುವ ಮುಂಚೆ ಇದು ತಿಳಿದಿರಲಿ. ಕಾಡುಹಂದಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ, ಇದೆ. ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅರಣ್ಯಾಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಡದೆ ಹೊಡೆಯುವ ಹಾಗಿಲ್ಲ. ಬಂದೂಕಿನ ಲೈಸೆನ್ಸ್ ಬೇರೆ, ಬೇಟೆಯ ಅನುಮತಿ ಬೇರೆ. ಹಂದಿ ಕಾಟ ಅಂತ ಬರೆದರೆ ಮುಂದಿನ ಪ್ರಶ್ನೆ "ಅನುಮತಿ ಪತ್ರ ಎಲ್ಲಿ" ಅಂತಲೇ. ಅಡಿಕೆ ತೋಟಕ್ಕೆ ಹಂದಿಯ ನೆಪ ಹೇಳುವುದೂ ಅಷ್ಟು ನಂಬುವ ಹಾಗಿಲ್ಲ, ಬಾಳೆಯೋ ಬೇರೆ ಏನೋ ನಡುವೆ ಹಾಕಿದ್ದರೆ ಮಾತು ಬೇರೆ. ಇನ್ನೊಂದು, ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸ ಇರುವವರ ಲೈಸೆನ್ಸ್ ನವೀಕರಣದ ಮಾಹಿತಿ ಅರಣ್ಯ ಇಲಾಖೆಗೂ ಹೋಗಬೇಕು ಎಂದು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಬಂದಿದೆ. ಜಗಳೂರಿನ ರಂಗಯ್ಯನದುರ್ಗ, ಚಿತ್ರದುರ್ಗದ ಜೋಗಿಮಟ್ಟಿ ಸುತ್ತಮುತ್ತಲ ಹಳ್ಳಿಯವರು ಇದನ್ನು ಓದುತ್ತಿದ್ದರೆ ಗಮನಿಸಿ, ನಿಮ್ಮ ಫೈಲು ತಡವಾದರೆ ಇದೂ ಒಂದು ಕಾರಣ ಇರಬಹುದು.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗ್ಯಾಕೆ" ಎಂದು ಕೇಳುವವರೂ ಇದ್ದಾರೆ. ಅದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ, 2029ರವರೆಗೆ ಇದೆ. ನಮ್ಮ ಬಯಲುಸೀಮೆಗೆ ಅದು ಅನ್ವಯ ಆಗುವುದಿಲ್ಲ.

ಈಗ ನಿಜವಾದ ತೊಂದರೆಗೆ ಬರೋಣ. ವಾಸ ಬದಲಾದರೆ 30 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ನೀವು ಬದಲಿಸಿದ್ದು ಬೀದಿಯನ್ನಲ್ಲ, ಜಿಲ್ಲೆಯನ್ನೇ. ನಿಮ್ಮ ಫೈಲು ಇರುವುದು ಚಿತ್ರದುರ್ಗದ ಡಿಸಿ ಆಫೀಸಿನಲ್ಲಿ, ರೈಫಲ್ ಇರುವುದು ದಾವಣಗೆರೆ ಡಿಸಿಯವರ ವ್ಯಾಪ್ತಿಯಲ್ಲಿ, ನೀವಿರುವ ಏರಿಯಾದ ಠಾಣೆಗೆ ಅಲ್ಲೊಂದು ರೈಫಲ್ ಇದೆ ಎಂದೇ ಗೊತ್ತಿಲ್ಲ. ನವೀಕರಣಕ್ಕೆ ಹಳೇ ವಿಳಾಸದ ಮೇಲೆ ಅರ್ಜಿ ಹಾಕಿದರೆ ಹೊಳಲ್ಕೆರೆ ಕಡೆಯ ಪೊಲೀಸರು ಮನೆ ನೋಡಲು ಹೋಗುತ್ತಾರೆ, ಬಾಗಿಲಿಗೆ ಬೀಗ. "ಅರ್ಜಿದಾರರು ಈ ವಿಳಾಸದಲ್ಲಿ ವಾಸವಿಲ್ಲ" ಎಂದು ವರದಿ ಬರೆದರೆ ಮುಗಿಯಿತು. ಆಮೇಲೆ ಏಳು ವರ್ಷ ಹಾರಿಸಿದ್ದೀರೋ ಇಲ್ಲವೋ ಯಾರೂ ಕೇಳುವುದಿಲ್ಲ. ಹಾಗಾಗಿ ನಾಲ್ಕು ತಿಂಗಳು ಇದೆ ಅಂತ ಸುಮ್ನೆ ಕೂರಬೇಡಿ. ಈ ವಾರವೇ ಎರಡೂ ಡಿಸಿ ಕಚೇರಿಗಳಿಗೆ ವಿಳಾಸ ಬದಲಾವಣೆಯ ಪತ್ರ ಕೊಡಿ, ತಡವಾದದ್ದಕ್ಕೆ ಕಾರಣ ಇದ್ದದ್ದು ಇದ್ದ ಹಾಗೆ ಬರೆಯಿರಿ, ಪ್ರತಿ ಪತ್ರಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನೀವಾಗಿ ಹೋಗಿ ಹೇಳಿದ ತಪ್ಪಿಗೂ, ಅವರಾಗಿ ಕಂಡುಹಿಡಿದ ತಪ್ಪಿಗೂ ಬಹಳ ವ್ಯತ್ಯಾಸ ಇದೆ, ಇದನ್ನು ನಾನು ಒಳಗಿದ್ದು ನೋಡಿದವನು.

ಇದೆಲ್ಲ ಆದ ಮೇಲೆ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಮಾತು. ಅದಕ್ಕೂ ಮುಂಚೆ ಒಂದು ಘಟನೆ ಹೇಳಬೇಕು.

ಒಂದು ಚುನಾವಣೆ ಸಮಯ. ಬಂದೂಕುಗಳಿಗೆ ನಂಬರ್ ಚೀಟಿ ಕಟ್ಟಿ ಗೋಡೆಗೆ ಸಾಲಾಗಿ ನಿಲ್ಲಿಸುತ್ತಿದ್ದೆವು. ವಯಸ್ಸಾದವರೊಬ್ಬರು ಹಳೇ ಪಂಚೆಯಲ್ಲಿ ಸುತ್ತಿದ .315 ತಂದರು. ಹತ್ತು ವರ್ಷದಿಂದ ಮುಟ್ಟಿಲ್ಲ, ಖಾಲಿ ಇದೆ ಸಾರ್ ಎಂದರು. ಬೋಲ್ಟ್ ಅಲ್ಲಾಡಲಿಲ್ಲ. ಕೊಬ್ಬರಿ ಎಣ್ಣೆ ಹಾಕಿ ಒರೆಸಿದ್ದರಂತೆ, ಅದು ಒಳಗೆ ಗಟ್ಟಿಯಾಗಿ ಜೇನುಮೇಣದ ಹಾಗೆ ಹಿಡಿದಿತ್ತು. ಮರಳು ತುಂಬಿದ ಪೆಟ್ಟಿಗೆಯ ಕಡೆ ಮೂತಿ ಮಾಡಿ, ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ಎಳೆದೆ. ಬೋಲ್ಟ್ ಹಿಂದೆ ಬಂತು. ಅದರ ಜೊತೆ ಹಸಿರುಗಟ್ಟಿದ ಒಂದು ಜೀವಂತ ಗುಂಡು ಟಣ್ ಅಂತ ನೆಲಕ್ಕೆ ಬಿತ್ತು. ಆ ಮನುಷ್ಯ ಅಲ್ಲೇ ಕುಸಿದು ಕೂತರು. ಮೊಮ್ಮಕ್ಕಳು ಅದೇ ರೂಮಿನಲ್ಲಿ ಮಲಗುತ್ತಿದ್ದವಂತೆ.

ನಿಮ್ಮ ಮನೆಯಲ್ಲೂ ಶಾಲೆಗೆ ಹೋಗುವ ಮೊಮ್ಮಗ ಇದ್ದಾನೆ, ರೈಫಲ್ ಬೀರುವಿನ ಮೇಲಿದೆ. ಬೀರುವಿನ ಮೇಲೆ ಏನಿದೆ ಎಂದು ಆ ಹುಡುಗನಿಗೆ ಖಂಡಿತ ಗೊತ್ತಿದೆ. ಕುರ್ಚಿ ಹಾಕಿದರೆ ಕೈಗೆ ಎಟಕುತ್ತದೆ. ಹಾರಿಸದ ರೈಫಲ್‌ನಲ್ಲಿ ನಾನು ಹೆದರುವುದು ಇದಕ್ಕೆ. ದಿನಾ ಬಳಸುವವನಿಗೆ ಅದು ತುಂಬಿದೆಯೋ ಖಾಲಿಯೋ ಗೊತ್ತಿರುತ್ತದೆ, ಏಳು ವರ್ಷ ಮುಟ್ಟದವನಿಗೆ ಖಾಲಿ ಎಂಬ ನಂಬಿಕೆ ಮಾತ್ರ ಇರುತ್ತದೆ. ಇವತ್ತು ರಾತ್ರಿಯೇ ಮೂರು ಕೆಲಸ ಆಗಲಿ. ಯಾರೂ ಇಲ್ಲದ ಕಡೆ ಮೂತಿ ಮಾಡಿ, ಟ್ರಿಗರ್‌ನಿಂದ ಬೆರಳು ಹೊರಗಿಟ್ಟು ಬೋಲ್ಟ್ ತೆಗೆದು ಮ್ಯಾಗಜಿನ್ (ಗುಂಡು ತುಂಬಿಡುವ ಜಾಗ) ಮತ್ತು ಚೇಂಬರ್ (ಹಾರಿಸುವ ಮುಂಚೆ ಗುಂಡು ಕೂರುವ ಜಾಗ) ಎರಡನ್ನೂ ನೋಡಿ, ಕಣ್ಣಿಗೆ ಕಂಡರೂ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಬೋಲ್ಟನ್ನು ಬೇರೆ ಮಾಡಿ ಬೇರೆ ಬೀಗದಲ್ಲಿಡಿ, ಗುಂಡುಗಳನ್ನು ಇನ್ನೊಂದರಲ್ಲಿ. ಬೋಲ್ಟ್ ಬಿಗಿಯಾಗಿದ್ದರೆ ಬಡಿಯಲು ಹೋಗಬೇಡಿ, ಹಾಗೇ ಇಟ್ಟು ಲೈಸೆನ್ಸ್ ಇರುವ ಬಂದೂಕು ಅಂಗಡಿಯವರನ್ನೋ ಠಾಣೆಯನ್ನೋ ಕೇಳಿ. ಚರ್ಮದ ಚೀಲದಲ್ಲಿ ಸುತ್ತಿಟ್ಟಿದ್ದರೆ ಅದನ್ನೂ ತೆಗೆಯಿರಿ, ಚರ್ಮ ತೇವ ಹಿಡಿಯುತ್ತದೆ. ಹಸಿರುಗಟ್ಟಿದ ಗುಂಡುಗಳನ್ನು ಹಾರಿಸಿ ಮುಗಿಸೋಣ ಎನ್ನಬೇಡಿ, ಪುಸ್ತಕದ ಜೊತೆ ಒಯ್ದು ಒಪ್ಪಿಸಿ.

ಇಟ್ಟುಕೊಳ್ಳುವುದೇ ಆದರೆ ಕಾರಣವನ್ನು ಹೀಗೆ ಬರೆಯಿರಿ. 1998ರಿಂದ ಲೈಸೆನ್ಸ್ ಇದೆ, ಒಂದೂ ಪ್ರಕರಣ ಇಲ್ಲ, ಇಷ್ಟನೇ ಸರ್ವೆ ನಂಬರಿನಲ್ಲಿ ಊರಿಂದ ಇಷ್ಟು ದೂರದಲ್ಲಿ ಒಂಟಿ ಮನೆ ಇದೆ, ಇಂಥ ತಿಂಗಳುಗಳಲ್ಲಿ ರಾತ್ರಿ ಉಳಿಯುತ್ತೇನೆ, ರೈಫಲ್ ಇಂಥ ಕಡೆ ಹೀಗೆ ಬೀಗದಲ್ಲಿರುತ್ತದೆ. ಪಹಣಿ, ತೋಟದ ಮನೆಯ ಕರೆಂಟ್ ಬಿಲ್, ಹಿಂದೆ ಕಳ್ಳತನದ ದೂರು ಕೊಟ್ಟಿದ್ದರೆ ಅದರ ಪ್ರತಿ, ಪ್ರತಿ ಚುನಾವಣೆಗೆ ಠೇವಣಿ ಇಟ್ಟ ರಸೀದಿಗಳು. ಈ ಹಳೇ ರಸೀದಿಗಳನ್ನು ಜನ ಎಸೆದುಬಿಡುತ್ತಾರೆ, ನಿಯಮ ಪಾಲಿಸಿದ್ದೀರಿ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಎಷ್ಟು ಸಲ ಬಳಸಿದಿರಿ ಎಂದರೆ "ಬಳಸುವ ಸಂದರ್ಭ ಬಂದಿಲ್ಲ" ಎಂದಷ್ಟೇ ಹೇಳಿ. ಕೈ ಮರೆತುಹೋಗಿದೆ ಅನಿಸಿದರೆ ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದಲ್ಲಿ ಸೇರಿ. ಗುಂಡು ಹಾರಿಸಲು ಸರಿಯಾದ ಜಾಗ ಅದು.

ಮಗನ ಹೆಸರಿಗೆ ಮಾಡುವ ದಾರಿಯೂ ಇದೆ. ಲೈಸೆನ್ಸ್‌ದಾರನಿಗೆ 70 ತುಂಬಿದರೆ ಅಥವಾ ಆಯುಧ ಇಟ್ಟುಕೊಂಡು 25 ವರ್ಷ ಆದರೆ, ಯಾವುದು ಮೊದಲೋ ಆಗ, ವಾರಸುದಾರರ ಹೆಸರಿಗೆ ಕೇಳಬಹುದು ಎಂದು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ನಿಮಗೆ 25 ದಾಟಿದೆ. ಆದರೆ ಅವನೇ ಬೇಡ ಅನ್ನುತ್ತಿದ್ದಾನೆ. ಬೇಡ ಎನ್ನುವವನ ತಲೆಗೆ ರೈಫಲ್ ಕಟ್ಟಬೇಡಿ, ನೋಡಿಕೊಳ್ಳುವ ಮನಸ್ಸಿಲ್ಲದವನ ಮನೆಯಲ್ಲಿ ಅದು ಮತ್ತೆ ಬೀರುವಿನ ಮೇಲೇ ಹೋಗುತ್ತದೆ.

ಮನಸ್ಸು ಗಟ್ಟಿಯಾಗುವವರೆಗೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಬಹುದು. ಇದರಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬಿದ್ದಿದ್ದಾರೆ. ರೈಫಲ್ ಠೇವಣಿಯಲ್ಲಿದ್ದರೂ ಲೈಸೆನ್ಸಿನ ದಿನ ಓಡುತ್ತಲೇ ಇರುತ್ತದೆ. ಅವಧಿ ಮುಗಿದದ್ದು ಮರೆತು ಮನೆಗೆ ತಂದರೆ ಅದು ಲೈಸೆನ್ಸ್ ಇಲ್ಲದ ಆಯುಧ, ಈಗ ಅದಕ್ಕೆ ಕಡಿಮೆ ಅಂದರೆ 2 ವರ್ಷ, 5 ವರ್ಷದವರೆಗೂ ಶಿಕ್ಷೆ ಇದೆ. ಮಾರುವುದಾದರೆ ಲೈಸೆನ್ಸ್ ಇರುವವರಿಗೆ ಮಾತ್ರ, ಡಿಸಿಗೋ ಹತ್ತಿರದ ಠಾಣೆಗೋ ಬರೆದು ಕೊಟ್ಟು 45 ದಿನ ಕಳೆದ ಮೇಲೆ. ದುಡ್ಡು ಹೆಚ್ಚೇನೂ ಬರುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮುಂದಿನ ಐದು ವರ್ಷದಲ್ಲಿ ತೋಟದ ಮನೆಗೆ ವಾಪಸ್ ಹೋಗಿ ಇರುವ ಯೋಚನೆ ನಿಮಗೆ ನಿಜವಾಗಿ ಇದ್ದರೆ ಇಟ್ಟುಕೊಳ್ಳಿ, ನವೀಕರಣ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ದಾವಣಗೆರೆಯಲ್ಲೇ ಉಳಿಯುತ್ತೀರಿ ಅಂದರೆ ಮಾರಿ ಅಥವಾ ಒಪ್ಪಿಸಿ. ಸ್ವಂತ ದುಡಿಮೆಯದು ಎಂದು ಬರೆದಿದ್ದೀರಿ, ಆ ಸಂಕಟ ನನಗೆ ಅರ್ಥ ಆಗುತ್ತದೆ, ಒಪ್ಪಿಸಿ ಹೋಗುವಾಗ ಕಣ್ಣಲ್ಲಿ ನೀರು ತಂದುಕೊಂಡವರನ್ನು ನೋಡಿದ್ದೇನೆ. ಆದರೆ ಆರು ತಿಂಗಳ ಮೇಲೆ ಅವರೇ ಸಿಕ್ಕಾಗ "ಮನೆಗೆ ಬೀಗ ಹಾಕಿ ನಿಶ್ಚಿಂತೆಯಾಗಿ ಮದುವೆ-ಮುಂಜಿಗೆ ಹೋಗಿ ಬರ್ತೀವಿ ಸಾರ್" ಎಂದದ್ದೂ ಉಂಟು.

ಯಾವುದೇ ಆಗಲಿ, ಠಾಣೆಗೆ ಒಯ್ಯುವ ದಿನ ಬೋಲ್ಟ್ ಬೇರೆ, ಗುಂಡು ಬೇರೆ, ಪುಸ್ತಕ ಜೇಬಿನಲ್ಲಿ. ಮುಂಚೆ ಫೋನ್ ಮಾಡಿ ಹೋಗಿ. ರಸೀದಿ ಕೈಗೆ ಬಂದ ಮೇಲೆ ಅದರಲ್ಲಿರುವ ನಂಬರನ್ನು ರೈಫಲ್ ಮೇಲಿನ ನಂಬರಿನ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ, ಗುಂಡಿನ ಲೆಕ್ಕವೂ ಅದರಲ್ಲಿರಬೇಕು. ತಪ್ಪಿದ್ದರೆ ಅಲ್ಲೇ ನಿಂತು ತಿದ್ದಿಸಿಕೊಂಡೇ ಹೊರಗೆ ಬನ್ನಿ.